ತುಳಿದರೆ ಹಿಂದಕ್ಕೆ ಓಡುವ ಮಿಷನ್ನು

ತಿಪಟೂರಿನ ನಮ್ಮ ಮನೆಯ ನಡುಮನೆಯಲ್ಲಿ, ಕಿಟಕಿ ಪಕ್ಕ ಒಂದು ಹೊಲಿಗೆ ಮಿಷನ್ ಇದೆ. ಎರಡು ವರ್ಷದಿಂದ ಅದು ಮಿಷನ್ ಆಗಿರಲಿಲ್ಲ, ಟೇಬಲ್ಲಾಗಿತ್ತು. ಮರದ ಮುಚ್ಚಳದ ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಸೆಟ್‌ಟಾಪ್ ಬಾಕ್ಸು, ಅತ್ತೆಯ ಮಾತ್ರೆ ಡಬ್ಬಿ, ಕಟ್ಟಿದ ಮತ್ತು ಕಟ್ಟದ ಕರೆಂಟ್ ಬಿಲ್ಲುಗಳು.

ಅತ್ತೆ ಅಂದರೆ ಅಪ್ಪನ ಅಕ್ಕ. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯಲ್ಲೇ ಇರುವವಳು. ಬೀದಿಯ ಮಕ್ಕಳ ಯೂನಿಫಾರಂ, ಹೆಂಗಸರ ಜಾಕೀಟು, ಲಂಗ, ದಿಂಬಿನ ಕವರು ಎಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ನನ್ನ ಇಂಜಿನಿಯರಿಂಗ್‌ನ ಎರಡು ಸೆಮಿಸ್ಟರ್ ಫೀಸು ಆ ಪೆಡಲ್ಲಿನಿಂದ ಬಂದದ್ದು ಅಂತ ಅಮ್ಮ ಹೇಳಿ ಗೊತ್ತು. ಅತ್ತೆ ಬಾಯಿಂದ ಅದು ಬಂದಿಲ್ಲ.

ಎರಡು ವರ್ಷದ ಹಿಂದೆ ಅವಳಿಗೆ ಸ್ಟ್ರೋಕ್ ಆಯಿತು. ಮಾತು ನಿಧಾನವಾಗಿ ವಾಪಸ್ ಬಂತು. ಕಾಲು ಕೋಲಿಗೆ ಒಪ್ಪಿಕೊಂಡಿತು. ಬಲಗೈ ಮಾತ್ರ ಮೇಲೇಳಲಿಲ್ಲ.

ಕೈ ಮೇಲೇಳದಿದ್ದರೆ ಏನೇನು ಆಗುತ್ತೆ ಅಂತ ನಮಗೆ ಒಂದೊಂದಾಗಿ ಗೊತ್ತಾಯಿತು. ಅದರಲ್ಲಿ ಒಂದು ರವಿಕೆ. ಬಿಗಿ ತೋಳಿಗೆ ಆ ಕೈಯನ್ನು ತೂರಿಸುವಾಗ ಅತ್ತೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಒಂದು ತಿಂಗಳಾದ ಮೇಲೆ ಸೀರೆಯೇ ಬೇಡ ಅಂದಳು. ನೈಟಿ, ಮೇಲೊಂದು ಟವೆಲ್. ಅಷ್ಟೇ ಆಗಿದ್ದರೆ ಪರವಾಗಿಲ್ಲ, ನೈಟಿಯಲ್ಲಿ ಹೊರಗೆ ಬರಲ್ಲ ಅಂತ ಎಲ್ಲಿಗೂ ಹೋಗೋದನ್ನೇ ಬಿಟ್ಟಳು. ಯಾರಾದರೂ ಮನೆಗೆ ಬಂದರೆ ಒಳಕೋಣೆಗೆ ಎದ್ದು ಹೋಗುತ್ತಿದ್ದಳು.

ಅಗಲ ತೋಳಿನ, ಭುಜದಲ್ಲಿ ಬಿಚ್ಚಿಕೊಳ್ಳುವ ರವಿಕೆ ಹೊಲಿಸೋಣ ಅಂತ ಎರಡು ಕಡೆ ಕೊಟ್ಟೆವು. ಒಬ್ಬರು ತೋಳು ಅಗಲ ಮಾಡಿ ಭುಜ ಹಾಗೇ ಬಿಟ್ಟರು. ಇನ್ನೊಬ್ಬರು 'ಅಂಥ ಡಿಸೈನ್ ಇಲ್ಲ ಸಾರ್' ಅಂದರು. ಅಷ್ಟರಲ್ಲಿ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಯಿತು. ಅತ್ತೆ ನಾನು ಬರಲ್ಲ ಅಂದಳು. ಆ ಹುಡುಗಿಯ ಹುಟ್ಟಿದ ಹಬ್ಬದ ಫ್ರಾಕುಗಳನ್ನೆಲ್ಲ ಹೊಲಿದವಳು ಇವಳು.

ನಾನಾಗ ಮನೆಯಿಂದ ಕೆಲಸ ಮಾಡುತ್ತಾ ಊರಲ್ಲಿದ್ದೆ. ಮದುವೆಗೆ ಆರು ವಾರ ಇತ್ತು. 'ನಾನೇ ಹೊಲೀತೀನಿ' ಅಂದೆ. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. 'ಮದುವೆ ಮಾಡ್ಕೊಳೋ ಅಂದ್ರೆ ಜಾಕೀಟು ಹೊಲೀತಾನಂತೆ.' ಅತ್ತೆ ನಗಲೂ ಇಲ್ಲ, ಬೇಡ ಅನ್ನಲೂ ಇಲ್ಲ. 'ಮೊದಲು ಚಕ್ರ ತಿರುಗುತ್ತಾ ನೋಡು' ಅಂದಳು.

ತಿರುಗಲಿಲ್ಲ.

ಮುಚ್ಚಳ ತೆಗೆದರೆ ಕಪ್ಪು ಮೈ, ಅದರ ಮೇಲೆ ಅಳಿಸಿಹೋದ ಚಿನ್ನದ ಬಣ್ಣದಲ್ಲಿ 'ಉಷಾ'. ಬಲಗಡೆಯ ಕೈಚಕ್ರ ಸಿಮೆಂಟ್ ಹಾಕಿದ ಹಾಗೆ ನಿಂತಿತ್ತು. ತುಕ್ಕು ಹಿಡಿದಿದೆ ಅಂದುಕೊಂಡೆ. ಅತ್ತೆ ಎಡಗೈ ಬೆರಳನ್ನು ಎಣ್ಣೆ ತೂತಿನ ಹತ್ತಿರ ಸವರಿ ಮೂಸಿದಳು. ಆಮೇಲೆ ಅಮ್ಮನ ಕಡೆ ನೋಡಿದಳು. ಅತ್ತೆ ಆಸ್ಪತ್ರೆಯಲ್ಲಿದ್ದಾಗ ಮಿಷನ್ ಹಾಳಾಗಬಾರದು ಅಂತ ಅಮ್ಮ ಎಲ್ಲ ತೂತಿಗೂ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ನಮ್ಮದು ಕೊಬ್ಬರಿ ಊರು. ತಲೆಗೆ, ಸುಟ್ಟ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲದಕ್ಕೂ ಅದೇ ಔಷಧಿ.

ಮಿಷನ್ನಿಗೆ ಮಾತ್ರ ಅದು ವಿಷ. ತಿನ್ನುವ ಎಣ್ಣೆಗಳು ಗಾಳಿಗೆ ಬಿದ್ದು ತಿಂಗಳುಗಟ್ಟಲೆ ನಿಂತರೆ ಅಂಟಾಗುತ್ತವೆ, ಆ ಅಂಟಿಗೆ ಧೂಳು, ಬಟ್ಟೆಯ ಜುಂಗು ಸೇರಿ ಗಟ್ಟಿಯಾಗುತ್ತದೆ. ಹೊಲಿಗೆ ಮಿಷನ್ನಿಗೆಂದೇ ಸಿಗುವ ತೆಳು ಎಣ್ಣೆ ಖನಿಜ ತೈಲ, ಅದು ಹಾಗೆ ಒಣಗಿ ಗಟ್ಟಿಯಾಗಲ್ಲ. ಅತ್ತೆ ಹೇಳಿದ ಮದ್ದು ಸೀಮೆಎಣ್ಣೆ. ಈಗ ಸೀಮೆಎಣ್ಣೆ ಎಲ್ಲಿಂದ ತರೋದು? ಅಟ್ಟದ ಮೇಲೆ ಹಳೇ ಸ್ಟವ್ ಪಕ್ಕ ಅರ್ಧ ಬಾಟಲಿ ಸಿಕ್ಕಿತು. ಕಿಟಕಿ ತೆಗೆದು, ದೇವರ ದೀಪ ಆರಿದೆಯಾ ನೋಡಿ, ಬೆಲ್ಟ್ ಕಳಚಿಟ್ಟು, ಪ್ರತಿ ತೂತಿಗೂ ಎರಡೆರಡು ಹನಿ ಬಿಟ್ಟೆ. ಒಂದು ರಾತ್ರಿ ಬಿಟ್ಟು ಚಕ್ರ ಹಿಡಿದರೆ ಒಂದಿಂಚು ಅಲ್ಲಾಡಿತು. ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ. ಬಲವಂತ ಮಾಡಬೇಡ ಅಂತ ಅತ್ತೆ ಕುರ್ಚಿಯಿಂದಲೇ ಗದರುತ್ತಿದ್ದಳು. ಮೂರನೇ ದಿನ ಪೂರ್ತಿ ಒಂದು ಸುತ್ತು ಬಂತು. ಒಳಗಿಂದ ಕಂದು ಬಣ್ಣದ ಕೊಳೆ ಇಳಿಯಿತು. ಅದನ್ನೆಲ್ಲ ಒರೆಸಿ ಆಮೇಲೆ ಸರಿಯಾದ ಎಣ್ಣೆ. ಈ ಹಂತ ಬಿಡಬಾರದು. ಸೀಮೆಎಣ್ಣೆ ಕೊಳೆ ಬಿಡಿಸುತ್ತೆ, ಜಾರು ಕೊಡಲ್ಲ.

ಇನ್ನು ಪೆಡಲ್. ಇದು ಸುಲಭ ಅಂದುಕೊಂಡಿದ್ದೆ. ಬೈಕ್ ಓಡಿಸುವವನಿಗೆ ಇದೇನು ಮಹಾ? ತುಳಿದೆ. ಚಕ್ರ ಅರ್ಧ ಸುತ್ತು ಬಂದು, ಮನಸ್ಸು ಬದಲಾಯಿಸಿ ಹಿಂದಕ್ಕೆ ಓಡಿತು. ಮತ್ತೆ ತುಳಿದೆ. ಮತ್ತೆ ಹಿಂದಕ್ಕೆ.

ಕಾರಣ ಕೆಳಗೆ ಬಗ್ಗಿ ನೋಡಿದಾಗ ಹೊಳೆಯಿತು. ಪೆಡಲ್ಲಿನಿಂದ ಒಂದು ಕಡ್ಡಿ ಮೇಲೆ ಹೋಗಿ ದೊಡ್ಡ ಚಕ್ರದ ಕ್ರ್ಯಾಂಕಿಗೆ ಸೇರುತ್ತದೆ. ಆ ಕಡ್ಡಿ ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಇದ್ದಾಗ ನೀವು ಎಷ್ಟು ತುಳಿದರೂ ಚಕ್ರ ತಿರುಗಲ್ಲ. ಮಿಕ್ಕ ಜಾಗಗಳಲ್ಲಿ ಎಡಕ್ಕೂ ತಿರುಗಬಹುದು, ಬಲಕ್ಕೂ ತಿರುಗಬಹುದು. ಯಾವ ಕಡೆ ಅಂತ ಕಾಲು ಹೇಳಲಾರದು, ಕೈ ಹೇಳಬೇಕು. ಅದಕ್ಕೇ ಪ್ರತಿ ಸಲ ಬಲಗೈಯಿಂದ ಮೇಲಿನ ಚಕ್ರವನ್ನು ನಮ್ಮ ಕಡೆಗೆ ಎಳೆದು ಶುರು ಮಾಡೋದು. ಒಮ್ಮೆ ವೇಗ ಹಿಡಿದರೆ ದೊಡ್ಡ ಚಕ್ರದ ಭಾರವೇ ಆ ಎರಡು ಸತ್ತ ಜಾಗಗಳನ್ನು ದಾಟಿಸುತ್ತದೆ. ಹಿಂದಕ್ಕೆ ತಿರುಗಿದರೆ ಕೆಳಗೆ ದಾರ ಗಂಟುಬಿದ್ದು ತುಂಡಾಗುತ್ತದೆ.

ಅತ್ತೆ ಬಲಗೈಯಿಲ್ಲದೆ ಯಾಕೆ ಹೊಲಿಯಲಾರಳು ಅಂತ ಆವತ್ತು ನನಗೆ ನಿಜವಾಗಿ ಅರ್ಥವಾಯಿತು. ಎಡಗೈಯಲ್ಲಿ ಬಟ್ಟೆ ಹಿಡಿಯಬಹುದು, ಕಾಲಲ್ಲಿ ತುಳಿಯಬಹುದು. ಶುರು ಮಾಡೋಕೆ ಆಗಲ್ಲ.

ಕಲಿಕೆಯ ಕ್ರಮ ಅವಳದ್ದೇ. ಮೊದಲ ದಿನ ಬೆಲ್ಟ್ ಇಲ್ಲದೆ ಬರೀ ತುಳಿತ. ಬಲಗಾಲು ಸ್ವಲ್ಪ ಮುಂದೆ, ಎಡಗಾಲು ಹಿಂದೆ, ಒಮ್ಮೆ ಮುಂಗಾಲು ಒಮ್ಮೆ ಹಿಮ್ಮಡಿ. ಎರಡನೇ ದಿನ ಬೆಲ್ಟ್ ಹಾಕಿ, ದಾರವಿಲ್ಲದೆ. ಬಟ್ಟೆ ಇಲ್ಲದೆ ತುಳಿಯುವಾಗ ಪ್ರೆಷರ್ ಫೂಟು ಎತ್ತಿರಬೇಕು, ಇಲ್ಲದಿದ್ದರೆ ಕೆಳಗಿನ ಹಲ್ಲು ಅದಕ್ಕೆ ಉಜ್ಜಿ ಸವೆಯುತ್ತದೆ. ಮೂರನೇ ದಿನ ಗೀಟಿನ ನೋಟ್‌ಬುಕ್ ಹಾಳೆ, ದಾರವಿಲ್ಲದ ಹಳೇ ಸೂಜಿ. ಗೀಟಿನ ಮೇಲೇ ತೂತು ಬೀಳಬೇಕು. ನನ್ನ ತೂತುಗಳು ಹಾವು ಹರಿದ ಹಾಗಿದ್ದವು. 'ಸೂಜಿ ನೋಡಬೇಡ, ಫೂಟಿನ ಅಂಚು ನೋಡು' ಅಂದಳು. ಹೆದ್ದಾರಿಯಲ್ಲಿ ಬಾನೆಟ್ ನೋಡದೆ ರಸ್ತೆ ನೋಡುವ ಹಾಗೆ. ಅದೊಂದು ಮಾತಿಗೆ ನನ್ನ ಗೆರೆ ಅರ್ಧ ನೆಟ್ಟಗಾಯಿತು.

ದೊಡ್ಡ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆ. ಅದು ಒಂದು ಸುತ್ತು ಬಂದರೆ ಮೇಲಿನದು ನಾಲ್ಕು ಸುತ್ತಿಗಿಂತ ಸ್ವಲ್ಪ ಜಾಸ್ತಿ. ಒಂದು ತುಳಿತಕ್ಕೆ ನಾಲ್ಕು ಹೊಲಿಗೆ. ಆಫೀಸಿನ ಬೆಳಗಿನ ಮೀಟಿಂಗಿನಲ್ಲಿ ಮ್ಯೂಟ್ ಮಾಡಿ ತುಳಿಯುತ್ತಿದ್ದೆ. ಒಂದು ದಿನ ಮ್ಯೂಟ್ ಮರೆತು, ನಿಮ್ಮೂರಲ್ಲಿ ರೈಲು ಬಂತಾ ಅಂತ ಮ್ಯಾನೇಜರ್ ಕೇಳಿದರು.

ಬೆಲ್ಟಿನ ಕತೆಯೂ ಇದೆ, ಚಿಕ್ಕದು. ಚರ್ಮದ ದುಂಡು ಬೆಲ್ಟು ಹಳತಾದಂತೆ ಹಿಗ್ಗುತ್ತದೆ. ಆಗ ಕೆಳಗಿನ ಚಕ್ರ ತಿರುಗುತ್ತೆ, ಮೇಲಿನದು ಸೋಮಾರಿಯಾಗುತ್ತೆ. ತಂತಿ ಕೊಕ್ಕೆ ಬಿಡಿಸಿ, ಅರ್ಧ ಇಂಚು ಕತ್ತರಿಸಿ, ಹೊಸ ತೂತು ಚುಚ್ಚಿ ಮತ್ತೆ ಕೊಕ್ಕೆ ಹಾಕೋದು. ನಾನು ಒಂದಿಂಚು ಕತ್ತರಿಸಿದೆ. ಬಿಗಿಯಾಗಿ ಪೆಡಲ್ಲೇ ಭಾರವಾಯಿತು. ಹೊಸ ಬೆಲ್ಟು ತಂದೆ.

ನಾಲ್ಕು ದಿನ ತಿಂದದ್ದು ದಾರ.

ಹಳೇ ಪಂಚೆಯ ಚೂರಿನ ಮೇಲೆ ಮೊದಲ ನಿಜವಾದ ಹೊಲಿಗೆ ಹಾಕಿದೆ. ಮೇಲುಗಡೆ ಚೆನ್ನಾಗಿದೆ. ತಿರುಗಿಸಿದರೆ ಕೆಳಗಡೆ ದಾರ ಶಾವಿಗೆಯ ಹಾಗೆ ಗೋಜಲು. ಕೆಳಗೆ ಗೋಜಲು ಅಂದರೆ ಕೆಳಗಿನ ಬಾಬಿನ್ನಿನಲ್ಲೇ ತೊಂದರೆ ಇರಬೇಕಲ್ಲ? ಬಾಬಿನ್ ಕೇಸಿನ ಪುಟಾಣಿ ಸ್ಕ್ರೂ ಬಿಗಿ ಮಾಡಿದೆ. ಗೋಜಲು ಹೋಗಲಿಲ್ಲ. ಇನ್ನಷ್ಟು ಬಿಗಿ ಮಾಡಿದೆ, ಸಡಿಲ ಮಾಡಿದೆ, ಕೊನೆಗೆ ಸ್ಕ್ರೂ ಕೈಜಾರಿ ನೆಲಕ್ಕೆ ಬಿತ್ತು. ಅದು ಎಳ್ಳಿನಷ್ಟು ದಪ್ಪ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಬಟ್ಟೆಯಲ್ಲಿ ಸುತ್ತಿ ಇಡೀ ನಡುಮನೆ ಸವರಿದ ಮೇಲೆ ಮಂಚದ ಕೆಳಗೆ ಸಿಕ್ಕಿತು.

ಅತ್ತೆ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ನಾಲ್ಕನೇ ದಿನ ಕೇಳಿದಳು, 'ದಾರ ಪೋಣಿಸುವಾಗ ಫೂಟು ಮೇಲಿತ್ತೋ ಕೆಳಗಿತ್ತೋ?'

ಕೆಳಗಿತ್ತು. ಅಷ್ಟೇ ತಪ್ಪು.

ಮೇಲಿನ ದಾರ ಎರಡು ಲೋಹದ ಬಿಲ್ಲೆಗಳ ನಡುವೆ ಹಾದು ಬರುತ್ತದೆ. ಫೂಟು ಇಳಿಸಿದಾಗ ಬಿಲ್ಲೆಗಳು ಅದುಮಿಕೊಳ್ಳುತ್ತವೆ, ಎತ್ತಿದಾಗ ಬಿಡುತ್ತವೆ. ಅದುಮಿಕೊಂಡಾಗ ಪೋಣಿಸಿದರೆ ದಾರ ಬಿಲ್ಲೆಗಳ ಮಧ್ಯ ಕೂರದೆ ಅಂಚಿನಲ್ಲಿ ಜಾರುತ್ತದೆ. ಹಿಡಿತವೇ ಇಲ್ಲದ ಮೇಲಿನ ದಾರವನ್ನು ಕೆಳಗಿನದು ಎಳೆದುಕೊಂಡು ಹೋಗುತ್ತದೆ. ಗೋಜಲು ಕಾಣೋದು ಕೆಳಗೆ, ತಪ್ಪು ಇರೋದು ಮೇಲೆ. ಎಂಟು ವರ್ಷದಿಂದ ಬೇರೆಯವರ ಕೋಡಿನ ಬಗ್ ಹುಡುಕಿ ಸಂಬಳ ತಗೊಂಡವನು ನಾನು. ಎರರ್ ಬಂದ ಸಾಲಿನಲ್ಲೇ ತಪ್ಪಿರಬೇಕಿಲ್ಲ ಅಂತ ಹೊಸಬರಿಗೆ ಭಾಷಣ ಬಿಗಿದವನೂ ನಾನೇ.

'ಮೊದಲೇ ಯಾಕೆ ಹೇಳಲಿಲ್ಲ?' ಅಂದೆ.

'ನೀನು ಕೇಳಲಿಲ್ಲ' ಅಂದಳು.

ಬಾಬಿನ್ ಕೇಸನ್ನು ಮತ್ತೆ ಹದಕ್ಕೆ ತರೋದು ಆಮೇಲೆ ಕಲಿಸಿದಳು. ದಾರದ ತುದಿ ಹಿಡಿದು ಕೇಸನ್ನು ಗಾಳಿಯಲ್ಲಿ ತೂಗುಬಿಡೋದು. ತಾನಾಗಿ ಸರ್ರನೆ ಇಳಿದರೆ ಸಡಿಲ. ಕೈ ಕೊಡವಿದರೂ ಅಲ್ಲಾಡದಿದ್ದರೆ ಬಿಗಿ. ಮೆಲ್ಲಗೆ ಕೊಡವಿದಾಗ ಒಂದೆರಡು ಇಂಚು ಇಳಿದು ನಿಂತರೆ ಸರಿ. ಸ್ಕ್ರೂ ತಿರುಗಿಸೋದು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ. ಅದಕ್ಕೂ ಮುಂಚೆ ಪಟ್ಟಿಯ ಕೆಳಗೆ ಜುಂಗು ಸಿಕ್ಕಿಕೊಂಡಿದೆಯಾ ನೋಡಬೇಕು. ಕೆಳಗಿನದು ಒಮ್ಮೆ ಸರಿ ಕೂತರೆ ಅದನ್ನು ಮುಟ್ಟದೆ, ಬಟ್ಟೆಗೆ ತಕ್ಕ ಹಾಗೆ ಮೇಲಿನ ತಿರುಪನ್ನಷ್ಟೇ ತಿರುಗಿಸೋದು. ಎರಡೂ ದಾರ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಹಿಡಿದುಕೊಂಡರೆ ಎರಡೂ ಕಡೆ ಹೊಲಿಗೆ ಒಂದೇ ಥರ ಕಾಣುತ್ತದೆ.

ಈ ಹಿಡಿದುಕೊಳ್ಳೋದನ್ನು ನಿಧಾನವಾಗಿ, ಕೈಯಲ್ಲೇ ಚಕ್ರ ತಿರುಗಿಸಿ ನೋಡಬೇಕು. ನಾನು ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದು ಗಂಟೆ ನೋಡಿದ್ದೇನೆ. ಸೂಜಿ ಪೂರ್ತಿ ಇಳಿದು, ಒಂದು ಕೂದಲೆಳೆ ಮೇಲೇಳುತ್ತದೆ. ಆಗ ಅದರ ಬೆನ್ನ ಹಿಂದೆ ದಾರ ಚಿಕ್ಕ ಕುಣಿಕೆಯಾಗಿ ಉಬ್ಬುತ್ತದೆ. ಅದೇ ಕ್ಷಣಕ್ಕೆ ಷಟಲ್ಲಿನ ಮೂತಿ ಬಂದು ಕುಣಿಕೆಯನ್ನು ಹಿಡಿದು, ಬಾಬಿನ್ನಿನ ಸುತ್ತ ಹಾಯಿಸಿ ಬಿಡುತ್ತದೆ. ಮೇಲಿನ ಲಿವರ್ ಎಳೆದು ಬಿಗಿಮಾಡುತ್ತದೆ. ಕೈಹೊಲಿಗೆ ಸೂಜಿಯ ಕಣ್ಣು ಹಿಂಬದಿಯಲ್ಲಿ, ಇಲ್ಲಿ ಮೊನೆಯಲ್ಲಿ. ಹಾಗಿರೋದರಿಂದಲೇ ಸೂಜಿ ಬಟ್ಟೆ ದಾಟಿ ಹೋಗದೆ ದಾರವನ್ನಷ್ಟೇ ದಾಟಿಸಿ ವಾಪಸ್ ಬರಬಹುದು. ಅಮೆರಿಕದ ಎಲಿಯಾಸ್ ಹೋವ್ ಮೊನೆಗಣ್ಣಿನ ಸೂಜಿ, ಷಟಲ್ಲು ಎರಡೂ ಇದ್ದ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ, ಐಸಾಕ್ ಸಿಂಗರ್ ತನ್ನದಕ್ಕೆ ಪಡೆದದ್ದು 1851ರಲ್ಲಿ. ಕಲ್ಕತ್ತಾದ ಜಯ್ ಇಂಜಿನಿಯರಿಂಗ್ ವರ್ಕ್ಸ್ ಉಷಾ ಮಿಷನ್ ಶುರುಮಾಡಿದ್ದು 1930ರ ದಶಕದಲ್ಲಿ. ನಮ್ಮ ಮನೆಯ ಮಿಷನ್ನಿನ ಒಳವಿನ್ಯಾಸ ಸಿಂಗರಿನ ಹದಿನೈದನೇ ಮಾದರಿಯ ವಂಶದ್ದು. ಅದೇ ವಂಶದ ಬಾಬಿನ್ನನ್ನು ಇವತ್ತಿನ ಎಷ್ಟೋ ಕರೆಂಟ್ ಮಿಷನ್ನುಗಳೂ ಬಳಸುತ್ತವೆ. ನಾನು ಈ ವರ್ಷ ಕೊಂಡ ಬಾಬಿನ್ನು ಅತ್ತೆಯ ಹಳೇ ಕೇಸಿಗೆ ಟಕ್ಕನೆ ಕೂತಿತು. ನನ್ನ ಫೋನಿನ ಚಾರ್ಜರ್ ಈ ಮರ್ಯಾದೆ ಕಲಿತಿಲ್ಲ.

ಗಾಂಧೀಜಿಗೂ ಇದರ ಮೇಲೆ ಮೋಹ ಇತ್ತು. 1924ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದ ಸಂಭಾಷಣೆಯಲ್ಲಿ, ಎಲ್ಲ ಯಂತ್ರಗಳಿಗೂ ನಿಮ್ಮ ವಿರೋಧವೇ ಅಂತ ಕೇಳಿದಾಗ, ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯೋದು ನೋಡಲಾರದೆ ಸಿಂಗರ್ ಅದನ್ನು ಮಾಡಿದ ಅನ್ನೋದು ಅವರು ಕೊಟ್ಟ ಕಾರಣ. ಆ ಸಿಂಗರ್ ಮಹಾಶಯನಿಗೆ ಹಲವು ಸಂಸಾರಗಳಿದ್ದವು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದವು. ಇದನ್ನು ಅತ್ತೆಗೆ ಹೇಳಿದೆ. 'ಅಷ್ಟು ಮಕ್ಕಳ ಬಟ್ಟೆ ಹೊಲಿಯೋಕೆ ಮಿಷನ್ ಬೇಕೇ ಬೇಕಲ್ಲ' ಅಂದಳು. ಸ್ಟ್ರೋಕ್ ಆದಮೇಲೆ ಅವಳು ಮಾಡಿದ ಮೊದಲ ಜೋಕು ಅದು ಅಂತ ಅಮ್ಮ ಆಮೇಲೆ ಅಡುಗೆಮನೆಯಲ್ಲಿ ಹೇಳಿದಳು.

ಮಧ್ಯೆ ಸೂಜಿಯ ಒಂದು ಪಾಠ. ಹೊಸ ಸೂಜಿ ಹಾಕಿದ ಮೇಲೆ ಹೊಲಿಗೆ ಬಿಟ್ಟುಬಿಟ್ಟು ಬೀಳತೊಡಗಿತು. ಸೂಜಿಯ ಬುಡದಲ್ಲಿ ಒಂದು ಕಡೆ ಚಪ್ಪಟೆ ಇರುತ್ತದೆ, ಅದು ಷಟಲ್ಲಿನ ಮೂತಿ ಬರುವ ಕಡೆಗಿರಬೇಕು. ಎದುರು ಕಡೆಯಲ್ಲಿ ಉದ್ದಕ್ಕೆ ಒಂದು ಗೀರು, ದಾರ ಕಣ್ಣಿಗೆ ಹೋಗೋದು ಆ ಕಡೆಯಿಂದ. ನಾನು ಉಲ್ಟಾ ಹಾಕಿದ್ದೆ. ಇನ್ನೊಮ್ಮೆ ಅತ್ತೆ ಪಕ್ಕದ ಕೋಣೆಯಿಂದಲೇ ಕೂಗಿದಳು, 'ಚಟ್ ಚಟ್ ಅಂತಿದೆ, ಸೂಜಿ ಮೊಂಡು, ಬದಲಾಯಿಸು.' ಬೆರಳ ಉಗುರಿಗೆ ಮೊನೆ ತಾಗಿಸಿ ನೋಡಿದರೆ ನಿಜವಾಗಿಯೂ ತುದಿ ಬಾಗಿತ್ತು. ನನ್ನ ಕಿವಿಗೆ ಎರಡೂ ಸದ್ದು ಒಂದೇ.

ರವಿಕೆಗೆ ಅಳತೆ ತೆಗೆಯುವ ಪ್ರಶ್ನೆ ಬರಲಿಲ್ಲ. ಅಳತೆ ಜಾಕೀಟು ಇದ್ದೇ ಇತ್ತು, ಅವಳೇ ತನಗೆ ಹೊಲಿದುಕೊಂಡದ್ದು. ಅದರ ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಟು ಬೈ ಟು ಬಟ್ಟೆಯ ಮೇಲಿಟ್ಟು ಗುರುತು ಹಾಕು ಅಂದಳು. ಬಿಚ್ಚೋಕೆ ಕೂತಾಗ ಆ ಹೊಲಿಗೆ ನೋಡಿದೆ. ಸಣ್ಣ, ಒಂದೇ ಸಮ, ಎಲ್ಲೂ ಒಂದು ಗಂಟಿಲ್ಲ. ಬ್ಲೇಡು ಇಡಲು ಮನಸ್ಸಾಗಲಿಲ್ಲ. 'ಬಿಚ್ಚೋ, ಇನ್ನು ಅದು ನನಗೆ ಬರಲ್ಲ' ಅಂದಳು.

ಬಲಗಡೆ ಕತ್ತಿನ ಅಂಚಿನಿಂದ ಭುಜದ ಮೇಲೆ ಹಾದು ತೋಳಿನ ತುದಿಯವರೆಗೆ ಪೂರ್ತಿ ತೆರೆದುಕೊಳ್ಳಬೇಕು, ಮುಂದುಗಡೆ ಹುಕ್ಕಿನ ಬದಲು ವೆಲ್ಕ್ರೊ. ಒಂದೇ ಕೈಯಲ್ಲಿ ಹುಕ್ಕು ಹಾಕೋದು ಕಷ್ಟ, ವೆಲ್ಕ್ರೊ ಒತ್ತಿದರಾಯಿತು. ಅವಸರದಲ್ಲಿ ಹಿಂಬದಿ ಗೋಂದು ಇರುವ ವೆಲ್ಕ್ರೊ ತಂದೆ. ಸೂಜಿಗೆ ಅಂಟು ಹತ್ತಿ ದಾರ ಮೂರು ಸಲ ತುಂಡಾಯಿತು. ಗೋಂದಿಲ್ಲದ್ದು ತಂದು, ಹದಿನಾರು ನಂಬರಿನ ಸೂಜಿ ಹಾಕಿ, ದಪ್ಪ ಜಾಗದಲ್ಲಿ ತುಳಿಯದೆ ಕೈಯಲ್ಲೇ ಚಕ್ರ ತಿರುಗಿಸಿ ಹೊಲಿದೆ. ಮೆತ್ತನೆ ಕಡೆ ಮೈ ಕಡೆಗೆ, ಒರಟು ಕಡೆ ಮೇಲಿನ ಪಟ್ಟಿಯ ಒಳಗೆ, ಅಂಚಿನಿಂದ ಕಾಲಿಂಚು ಒಳಕ್ಕೆ. ಇಲ್ಲದಿದ್ದರೆ ಚರ್ಮ ಕೆರೆಯುತ್ತೆ, ಸೀರೆ ಕಚ್ಚುತ್ತೆ. ಒಗೆಯುವ ಮುಂಚೆ ವೆಲ್ಕ್ರೊ ಮುಚ್ಚಿರಬೇಕು, ತೆರೆದಿದ್ದರೆ ಬಕೆಟ್ಟಿನ ಜುಂಗೆಲ್ಲ ಅದಕ್ಕೇ.

ಮೊದಲ ರವಿಕೆ ಹಳೇ ಪಂಚೆಯದ್ದು, ಪರೀಕ್ಷೆಗೆ. ಕಂಕುಳಲ್ಲಿ ಹಿಡಿಯಿತು. ಎರಡನೆಯದರಲ್ಲಿ ಎರಡೂ ತೋಳು ಎಡಗೈದೇ ಕತ್ತರಿಸಿಬಿಟ್ಟಿದ್ದೆ. ಅತ್ತೆ ಅದನ್ನು ಎಡಗೈಯ ಹೆಬ್ಬೆರಳಲ್ಲಿ ಹೊಲಿಗೆಯುದ್ದಕ್ಕೂ ಸವರಿ ನೋಡಿ, 'ಹೊಲಿಗೆ ಪರವಾಗಿಲ್ಲ' ಅಂದಳು, ತೋಳಿನ ಬಗ್ಗೆ ಏನೂ ಹೇಳದೆ. ಮೂರನೆಯದು ಮದುವೆಯ ಹಿಂದಿನ ರಾತ್ರಿ ಹನ್ನೊಂದೂವರೆಗೆ ಮುಗಿಯಿತು. ಮೆರೂನ್ ಬಣ್ಣ.

ಬೆಳಿಗ್ಗೆ ಅಮ್ಮ ತೊಡಿಸಿದಳು. ಫಿಸಿಯೊಥೆರಪಿಯವರು ಮೊದಲೇ ಹೇಳಿಕೊಟ್ಟಿದ್ದರು, ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ತೆರೆದ ತೋಳನ್ನು ಕೈಯ ಕೆಳಗೆ ಹರಡಿ, ಮೇಲಿನಿಂದ ಮುಚ್ಚಿದರೆ ಆಯಿತು, ಕೈ ಎತ್ತುವ ಕೆಲಸವೇ ಇಲ್ಲ. ನಾನು ಹೊರಗೆ ಬಾಗಿಲ ಹತ್ತಿರ ನಿಂತಿದ್ದೆ. ಒಳಗಿಂದ ನೋವಿನ ಸದ್ದು ಬರುತ್ತಾ ಅಂತ ಕಿವಿಗೊಟ್ಟೆ. ವೆಲ್ಕ್ರೊ ಚರ್ ಅಂತ ಬಿಚ್ಚಿ ಮತ್ತೆ ಅಂಟಿದ ಸದ್ದಷ್ಟೇ ಬಂತು. ಮುಂದಿನದನ್ನು ಅವಳೇ ಎಡಗೈಯಲ್ಲಿ ಒತ್ತಿಕೊಂಡಳಂತೆ.

ಸೀರೆ ಉಟ್ಟು ಹೊರಗೆ ಬಂದವಳು ಕನ್ನಡಿ ಮುಂದೆ ಸ್ವಲ್ಪ ಹೊತ್ತು ನಿಂತಳು.

'ಎಡತೋಳು ಅರ್ಧ ಇಂಚು ಉದ್ದ ಆಗಿದೆ. ಬಂದ ಮೇಲೆ ಬಿಚ್ಚಿ ಸರಿಮಾಡು' ಅಂದು, ಕೋಲು ಊರಿಕೊಂಡು ಕಾರಿನ ಕಡೆ ಹೊರಟಳು.

ಮದುವೆ ಮುಗಿದು ಎರಡು ತಿಂಗಳಾಯಿತು. ಆ ತೋಳು ಇನ್ನೂ ಹಾಗೇ ಇದೆ, ಅವಳು ಅದನ್ನೇ ಹಾಕಿಕೊಂಡು ಎರಡು ಸಲ ದೇವಸ್ಥಾನಕ್ಕೆ ಹೋಗಿಬಂದಿದ್ದಾಳೆ, ಹೋಗುವಾಗೊಮ್ಮೆ ಬರುವಾಗೊಮ್ಮೆ ನನಗೆ ಅರ್ಧ ಇಂಚು ಜ್ಞಾಪಿಸುತ್ತಾಳೆ. ಸೆಟ್‌ಟಾಪ್ ಬಾಕ್ಸಿಗೆ ಗೋಡೆಗೊಂದು ಹಲಗೆ ಹೊಡೆಸಿದ್ದೇವೆ. ಹಸಿರು ಟು ಬೈ ಟು ಒಂದು ಮೀಟರ್ ತಂದಿದ್ದೇನೆ, ಈ ಭಾನುವಾರ ಕತ್ತರಿಸಬೇಕು. ಈ ಸಲ ಬಲತೋಳು ಒಂದು, ಎಡತೋಳು ಒಂದು.